ರೇಷ್ಮೆಯ ತೂತು ಗೂಡು ಬೇಯಿಸಿದೆ, ಹಪ್ಪಳದ ಹಾಗೆ ಆಗಿದೆ. ಏನು ತಪ್ಪಾಯಿತು?

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡಿದ್ದೆ. ಇವತ್ತು ತಲೆ ಕೆಟ್ಟು ಬರೆಯುತ್ತಿದ್ದೇನೆ.

ನನ್ನ ಓರಗಿತ್ತಿಯ ತವರು ಶಿಡ್ಲಘಟ್ಟದ ಹತ್ತಿರ. ಅವರ ಪರಿಚಯದ ಬಿತ್ತನೆ ಕೋಠಿಯಿಂದ (ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಕಡೆ) ಒಂದು ಚೀಲ ತೂತು ಗೂಡು ಕೊಡಿಸಿದರು. ಮೊಟ್ಟೆಗಾಗಿ ಚಿಟ್ಟೆ ಹೊರಗೆ ಬಂದ ಮೇಲೆ ಉಳಿಯುತ್ತಲ್ಲ, ಆ ಗೂಡು. ನೋಡಲು ದಿಂಬಿನಷ್ಟು, ತಕ್ಕಡಿಗೆ ಹಾಕಿದರೆ ಬರೀ 300 ಗ್ರಾಂ. ಅರ್ಧ ಬಿಳಿ, ಅರ್ಧ ಹಳದಿ. ಇದರಲ್ಲೇ ನೂಲು ಮಾಡಿ ಅಮ್ಮನಿಗೆ ಒಂದು ಶಾಲು ಹೆಣೆಯಬೇಕು ಅಂತ ಆಸೆ. ಉಲ್ಲನ್‌ನಲ್ಲಿ ಹೆಣೆದು ಅಭ್ಯಾಸ ಇದೆ, ರೇಷ್ಮೆ ಇದೇ ಮೊದಲು.

ಮಾಡಿದ್ದು ಇಷ್ಟು. 100 ಗ್ರಾಂ ಗೂಡು ಪಾತ್ರೆಗೆ ಹಾಕಿ, ಬೋರ್ ನೀರು ತುಂಬಿಸಿ, ಬಟ್ಟೆ ಸೋಪು ತುರಿದು ಹಾಕಿ 20 ನಿಮಿಷ ಕುದಿಸಿದೆ. ನಿಂಬೆಹಣ್ಣು ಹಾಕಿದರೆ ಹೊಳಪು ಬರುತ್ತೆ ಅಂತ ಯಾರೋ ಹೇಳಿದ್ದು ನೆನಪಿತ್ತು. ಅದೇ ನೀರಿಗೆ ಎರಡು ಹಣ್ಣು ಹಿಂಡಿದೆ. ನೀರು ಒಡೆದ ಹಾಲಿನ ಹಾಗೆ ಆಯಿತು. ಹೆದರಿ, ಎಲ್ಲ ತೆಗೆದು ಹಿಂಡಿ ತಾರಸಿ ಮೇಲೆ ಒಣಗಿಸಿದೆ.

ಈಗ ಗೂಡೆಲ್ಲ ಬೂದು ಬಣ್ಣ. ಹೊರಗೆ ಜಿಡ್ಡು, ಒಳಗೆ ಗಟ್ಟಿ. ಮುರಿದರೆ ಹಪ್ಪಳದ ಸದ್ದು. ಎಸೆಯೋದಾ, ಉಳಿಸಬಹುದಾ?

ಹತ್ತು ನಂಬರ್ ಕಡ್ಡಿ, ಕೋಲಾರ

ಎಸೆಯಬೇಡಮ್ಮ. ಗೂಡಿನ ವಿಷಯ ನನಗೆ ಗೊತ್ತಿಲ್ಲ, ಶಿಡ್ಲಘಟ್ಟದವರು ಯಾರಾದರೂ ಬರುತ್ತಾರೆ, ಕಾಯಿ. ಹೆಣಿಗೆಯ ಹಂತಕ್ಕೆ ಬಂದಾಗ ನಾನಿದ್ದೇನೆ.

ರೀಲರ್ ಮನೆ ಮಗಳು, ಶಿಡ್ಲಘಟ್ಟ

ಬಂದೆ ಬಂದೆ.

ಅಕ್ಕ, ಉಳಿಸಬಹುದು. ಆದರೆ ಮೊದಲು ಒಂದು ಕೆಲಸ ಮಾಡಿ. ಒಂದು ಗೂಡನ್ನು ಬಿಸಿನೀರಲ್ಲಿ ಐದು ನಿಮಿಷ ನೆನೆಸಿ ಬೆರಳಲ್ಲಿ ಉಜ್ಜಿ ನೋಡಿ. ಅಂಟಿನಲ್ಲಿ ಎರಡು ತರ ಇದೆ. ಲೋಳೆಸರದ ಹಾಗೆ ಜಾರಿದರೆ ಅದು ಹುಳುವಿನ ಗೋಂದು. ಬಚ್ಚಲ ಬಕೆಟ್ಟಿನ ಅಂಚಲ್ಲಿ ಕಟ್ಟಿಕೊಳ್ಳುತ್ತಲ್ಲ ಬೂದು ಕರೆ, ಉಗುರಲ್ಲಿ ಕೆರೆದರೆ ಮೇಣದ ಹಾಗೆ ಬರುತ್ತೆ, ಹಾಗಿದ್ದರೆ ಅದು ಸೋಪಿನದ್ದು. ನಿಮ್ಮದರಲ್ಲಿ ಎರಡೂ ಇದೆ ಅಂತ ನನ್ನ ಅನುಮಾನ.

ಹುಳು ಎಳೆ ಬಿಡುವಾಗ ಎರಡು ಎಳೆ ಒಟ್ಟಿಗೆ ಬಿಡುತ್ತೆ. ಅವೆರಡನ್ನೂ ಗೋಂದು ಹಿಡಿದಿಟ್ಟಿರುತ್ತೆ. ಅದಕ್ಕೆ ಸೆರಿಸಿನ್ ಅಂತಾರೆ. ಒಟ್ಟು ತೂಕದಲ್ಲಿ ಸುಮಾರು ಕಾಲು ಭಾಗ ಅದೇ. ನಮ್ಮ ಮನೆಯಲ್ಲಿ ನೂಲು ಬಿಚ್ಚುವಾಗ ಗೋಂದನ್ನು ಪೂರ್ತಿ ತೆಗೆಯೋದಿಲ್ಲ, ಬಿಸಿನೀರಲ್ಲಿ ಮೆತ್ತಗೆ ಮಾಡಿ ಎಳೆ ಹುಡುಕಿ ಎಳೀತೀವಿ, ಅಷ್ಟೇ. ಅದಕ್ಕೇ ಕಚ್ಚಾ ರೇಷ್ಮೆಯ ಲಡಿ ಕೈಗೆ ಒರಟು. ಬಣ್ಣಕ್ಕೆ ಹಾಕುವ ಮುಂಚೆ ಸೋಪಿನ ನೀರಲ್ಲಿ ಬೇಯಿಸಿದ ಮೇಲೇ ಅದು ನೀವು ಸೀರೆಯಲ್ಲಿ ನೋಡುವ ರೇಷ್ಮೆ ಆಗೋದು. ತೂತು ಗೂಡಲ್ಲಿ ಎಳೆ ಅಲ್ಲಲ್ಲಿ ಕಡಿದಿರುತ್ತೆ, ಉದ್ದಕ್ಕೆ ಬಿಚ್ಚೋಕೆ ಬರೋದಿಲ್ಲ. ಹಾಗಾಗಿ ಗೋಂದು ಪೂರ್ತಿ ಬಿಡಿಸಿ, ಹತ್ತಿಯ ಹಾಗೆ ಹಿಗ್ಗಿಸಿ ನೂಲಬೇಕು.

20 ನಿಮಿಷ ಸಾಲದು. ಒಂದು ಗಂಟೆ ಬೇಕು. ಜೊತೆಗೆ, ನಿಮ್ಮ ನೀರು ಹೇಗಿದೆ? ಹಂಡೆಯಲ್ಲಿ ಬಿಳಿ ಪೊರೆ ಕಟ್ಟುತ್ತಾ?

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಪೊರೆ ಕಟ್ಟುತ್ತಾ ಅಂತ ಕೇಳ್ತೀರಾ! ಗೀಸರ್ ಕಾಯಿಲ್ ವರ್ಷಕ್ಕೊಂದು ಹೋಗುತ್ತೆ. ಬೇಳೆ ಬೇಯಲ್ಲ. ನಮ್ಮ ಕಡೆ ಬೋರ್ ನೀರು ಬಿಟ್ಟು ಇನ್ನೇನಿದೆ.

ಉಜ್ಜಿ ನೋಡಿದೆ. ನೀವು ಹೇಳಿದ ಹಾಗೆ ಎರಡೂ ಇದೆ. ಉಗುರಲ್ಲಿ ಮೇಣ ಬಂತು.

ರೀಲರ್ ಮನೆ ಮಗಳು, ಶಿಡ್ಲಘಟ್ಟ

ಸಿಕ್ಕಿತು ನೋಡಿ. ಗಡಸು ನೀರಲ್ಲಿ ಸುಣ್ಣದಂಶ ಇರುತ್ತೆ, ಸೋಪು ಅದರ ಜೊತೆ ಸೇರಿ ನೊರೆ ಬರದೆ ಕರೆ ಆಗುತ್ತೆ. ಆ ಕರೆ ಗೂಡಿಗೆ ಹತ್ತಿತು. ಅಷ್ಟರ ಮೇಲೆ ಸೋಪು ಇನ್ನೂ ನೀರಲ್ಲಿ ಇರುವಾಗಲೇ ಹುಳಿ ಹಿಂಡಿದಿರಿ. ಹುಳಿ ಬಿದ್ದರೆ ಸೋಪು ಒಡೆದು ಅದರ ಕೊಬ್ಬು ಹೊರಗೆ ಬರುತ್ತೆ. ಒಡೆದ ಹಾಲು ಅಂದಿರಲ್ಲ, ಅದೇ. ನಿಂಬೆ ಹೊಳಪು ಕೊಡೋದು ನಿಜ, ಆದರೆ ಅದು ಕಟ್ಟಕಡೆಗೆ, ಸೋಪು ಒಂದು ಚೂರೂ ಉಳಿದಿಲ್ಲ ಅಂದಾಗ.

ಕೆಟ್ಟದ್ದನ್ನು ಸರಿ ಮಾಡೋದು ಹೀಗೆ. ಬೋರ್ ನೀರು ಬೇಡವೇ ಬೇಡ. ಶುದ್ಧ ನೀರಿನ ಘಟಕದ ಎರಡು ಕ್ಯಾನ್ ತರಿಸಿ, ಅಥವಾ ಮಳೆ ನೀರು ಹಿಡಿದಿಟ್ಟಿದ್ದರೆ ಇನ್ನೂ ಒಳ್ಳೆಯದು. ಬೆಚ್ಚಗಿನ ನೀರಿಗೆ ಎರಡು ಚಮಚ ವಿನಿಗರ್ ಹಾಕಿ 15 ನಿಮಿಷ ನೆನೆಸಿ. ಸುಣ್ಣ ಬಿಡುತ್ತೆ. ಆ ನೀರು ಚೆಲ್ಲಿ, ಒಂದು ಸಲ ಜಾಲಿಸಿ. ಈಗ ಹೊಸ ನೀರು 3 ಲೀಟರ್, ವಾಷಿಂಗ್ ಸೋಡಾ ಒಂದು ಟೀ ಚಮಚ, ಸೋಪು 20 ಗ್ರಾಂ. ಮೈಗೆ ಹಚ್ಚುವ ಸಾದಾ ಸೋಪು ಸಾಕು. ಮೊದಲು ಇವೆರಡೂ ಕರಗಲಿ. ಗೂಡನ್ನು ಹಳೆ ಪಂಚೆ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ ಬಿಡಿ, ಇಲ್ಲದಿದ್ದರೆ ಎಳೆ ಎಲ್ಲ ಒಂದಕ್ಕೊಂದು ಸುತ್ತಿಕೊಂಡು ಜಡೆ ಆಗುತ್ತೆ. ಮೇಲೆ ಒಂದು ತಟ್ಟೆ ಇಟ್ಟು ಮುಳುಗಿಸಿ, ಗೂಡು ತೇಲುತ್ತೆ.

ಕೊತಕೊತ ಕುದಿಸಬೇಡಿ. ಸಣ್ಣ ಗುಳ್ಳೆ ಏಳುವ ಹದ. ಮುಕ್ಕಾಲು ಗಂಟೆ ಆದ ಮೇಲೆ ಒಂದು ಗೂಡು ತೆಗೆದು ಎರಡು ಕೈಯಲ್ಲಿ ಎಳೆದು ನೋಡಿ. ಒದ್ದೆ ಹತ್ತಿಯ ಹಾಗೆ ಹರಡಿಕೊಂಡರೆ ಆಯಿತು. ಎಲ್ಲಾದರೂ ಬಿಗಿ ಇದ್ದರೆ ಇನ್ನೊಂದು ಕಾಲು ಗಂಟೆ. ಆಮೇಲೆ ಬಿಸಿನೀರಲ್ಲಿ ಎರಡು ಸಲ, ತಣ್ಣೀರಲ್ಲಿ ಎರಡು ಸಲ ಜಾಲಿಸಿ. ನೀರು ತಿಳಿ ಆದ ಮೇಲೆ, ಕೊನೆಯ ಬಕೆಟ್ಟಿಗೆ ಮಾತ್ರ ಅರ್ಧ ನಿಂಬೆಹಣ್ಣು.

ಹೊಸ ಕುಣಿಕೆ, ತುಮಕೂರು

ಅಡುಗೆ ಸೋಡಾ ಆಗಲ್ವಾ? ಮನೆಯಲ್ಲಿ ಅದೇ ಇದೆ. ಗೂಡಲ್ಲಿ ಕಂದು ಕಲೆ ಇದ್ದರೆ ಬ್ಲೀಚ್ ಹಾಕಬಹುದಾ?

(ನಾನು ಇಂಜಿನಿಯರಿಂಗ್ ಓದ್ತಿದ್ದೀನಿ, ಹಾಸ್ಟೆಲ್‌ನಲ್ಲಿ ಕ್ರೋಶಾ ಮಾಡ್ತೀನಿ. ನಗಬೇಡಿ.)

ರೀಲರ್ ಮನೆ ಮಗಳು, ಶಿಡ್ಲಘಟ್ಟ

ನಗೋದು ಯಾಕೆ ತಮ್ಮ. ನಮ್ಮ ಬೀದಿಯಲ್ಲಿ ನೂಲು ಬಿಚ್ಚೋದರಲ್ಲಿ ಅರ್ಧ ಜನ ಗಂಡಸರೇ.

ಅಡುಗೆ ಸೋಡಾ ತುಂಬಾ ಸಪ್ಪೆ, ಕೆಲಸ ನಿಧಾನ. ಬ್ಲೀಚ್ ಮಾತ್ರ ಹಾಕಬೇಡ. ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚಿನಲ್ಲಿ ರೇಷ್ಮೆ ಕರಗಿಯೇ ಹೋಗುತ್ತೆ, ಉಣ್ಣೆ ಕೂಡ. ಕಾಸ್ಟಿಕ್ ಸೋಡಾ ಕೂಡ ಹಾಗೇ. ಕಂದು ಕಲೆ ಚಿಟ್ಟೆ ಹೊರಗೆ ಬರುವಾಗ ಬಿಡುವ ದ್ರವದ್ದು. ಬೇಯಿಸಿದರೆ ಸುಮಾರು ಹೋಗುತ್ತೆ. ಉಳಿದರೆ ಆ ಭಾಗ ಕತ್ತರಿಸಿ ಬಿಸಾಡಿ.

ಕುಣಿಗಲ್ ಹುಳು ಮನೆ, ಕುಣಿಗಲ್

ಅರ್ಧ ಬಿಳಿ ಅರ್ಧ ಹಳದಿ ಅಂತ ಓದಿ ಖುಷಿ ಆಯಿತು. ಆ ಹಳದಿ ಗೂಡಿನ ಎರಡೂ ತುದಿ ಚೂಪಾಗಿದೆಯಾ ನೋಡಿ ಮೇಡಂ. ಇದ್ದರೆ ಅದು ಮೈಸೂರು ತಳಿ. ನಮ್ಮ ಕುಣಿಗಲ್, ಮಾಗಡಿ ಕಡೆಯಿಂದ ಬಿತ್ತನೆಗೆ ಅಂತಲೇ ಹೋಗೋದು. ಬಿಳಿ ದಪ್ಪ ಗೂಡು ದ್ವಿತಳಿ ಅನ್ನುವ ಬೇರೆ ತಳಿಯದು. ಕೋಠಿಯಲ್ಲಿ ಮೈಸೂರು ತಳಿಯ ಹೆಣ್ಣಿಗೆ ದ್ವಿತಳಿಯ ಗಂಡು ಕೂಡಿಸುತ್ತಾರೆ. ಆ ಮೊಟ್ಟೆಯೇ ನಿಮ್ಮ ಕಡೆ ರೈತರು ಸಾಕುವ ಮಿಶ್ರತಳಿ. ಹಾಗಾಗಿ ಒಂದೇ ಚೀಲದಲ್ಲಿ ಅಪ್ಪನ ಮನೆ, ಅಮ್ಮನ ಮನೆ ಎರಡೂ ಇದೆ.

ಎರಡನ್ನೂ ಬೇರೆ ಬೇರೆ ಬೇಯಿಸಿ. ಬಿಳಿಯದು ಗೂಡು ದಪ್ಪ, ಟೈಮ್ ಜಾಸ್ತಿ ಹಿಡಿಯುತ್ತೆ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಕೆಟ್ಟದ್ದು ಸರಿ ಆಯಿತು!! ಇಪ್ಪತ್ತು ಲೀಟರಿನ ಎರಡು ಕ್ಯಾನ್ ಖಾಲಿ. ಮನೆಯವರು "ಕುಡಿಯೋ ನೀರಲ್ಲಿ ಹುಳು ತೊಳೀತೀಯಾ" ಅಂತ ಒಂದು ಸಲ ಗೊಣಗಿದರು.

ಆಮೇಲೆ ಧೈರ್ಯ ಬಂದು ಹಳದಿಯದು ಇನ್ನೊಂದು 100 ಗ್ರಾಂ ಹೊಸದಾಗಿ ಬೇಯಿಸಿದೆ. ಒಂದು ಪ್ರಶ್ನೆ. ಹಳದಿ ಎಲ್ಲಿ ಹೋಯಿತು? ಪಾತ್ರೆ ನೀರು ಅರಿಶಿನ ಕದಡಿದ ಹಾಗೆ ಆಯಿತು, ಗೂಡು ಕೆನೆ ಬಣ್ಣಕ್ಕೆ ತಿರುಗಿತು. ಆ ಬಣ್ಣ ಇರಲಿ ಅಂತಲೇ ನಾನು ಹಳದಿ ಆರಿಸಿದ್ದು. ಒಣಗಿದ ಮೇಲೆ ತೂಕ 71 ಗ್ರಾಂ.

ರೀಲರ್ ಮನೆ ಮಗಳು, ಶಿಡ್ಲಘಟ್ಟ

ಬಣ್ಣ ಇರೋದು ಗೋಂದಿನಲ್ಲಿ ಅಕ್ಕ. ಗೋಂದು ಹೋದರೆ ಬಣ್ಣವೂ ಹೋಯಿತು. 71 ಅಂದರೆ ಲೆಕ್ಕ ಸರಿಯಾಗಿದೆ. ಹಳದಿ ಬೇಕು ಅಂದರೆ ಪಟಿಕ ಹಾಕಿ ಅರಿಶಿನದಲ್ಲಿ ಅದ್ದಬಹುದು, ಆದರೆ ಅರಿಶಿನ ಬಿಸಿಲಿಗೆ ಬೇಗ ಮಾಸುತ್ತೆ. ದಾಳಿಂಬೆ ಸಿಪ್ಪೆ ಅದಕ್ಕಿಂತ ಗಟ್ಟಿ.

ಈಗ ಮುಂದಿನದು. ಒಂದು ಹಳೆ ಸ್ಲೇಟ್ ಇದೆಯಾ ಮನೆಯಲ್ಲಿ? ಕಲ್ಲು ಒಡೆದಿದ್ದರೂ ಪರವಾಗಿಲ್ಲ, ಮರದ ಚೌಕಟ್ಟು ಬೇಕು. ನಾಲ್ಕು ಮೂಲೆಗೆ ನಾಲ್ಕು ಮೊಳೆ ಹೊಡೆಯಿರಿ, ಅರ್ಧ ಇಂಚು ಹೊರಗಿರಲಿ. ಬೆಂದ ಗೂಡನ್ನು ನೀರಿನ ಬೋಗುಣಿಯಲ್ಲೇ ಇಟ್ಟುಕೊಳ್ಳಿ. ಒಂದೊಂದೇ ತೆಗೆದು ತೂತಿನ ಕಡೆಯಿಂದ ಬೆರಳು ತೂರಿಸಿ ಅಗಲ ಮಾಡಿ, ಒಳಗಿನ ಕಂದು ಪೊರೆ ತೆಗೆಯಿರಿ. ಆಮೇಲೆ ನಾಲ್ಕು ಮೊಳೆಗೂ ಸಿಕ್ಕಿಸಿ ಎಳೆಯಿರಿ. ಜೇಡರ ಬಲೆಯ ಹಾಗೆ ಒಂದು ಪದರ ಬರುತ್ತೆ. ಅದರ ಮೇಲೆ ಇನ್ನೊಂದು ಗೂಡು. ಹತ್ತು ಪದರ ಆದರೆ ನೆರಳಲ್ಲಿ ಒಣಗಿಸಿ ಬಿಡಿಸಿ. ಚೌಕ ಕರ್ಚೀಫಿನ ಹಾಗೆ ಬರುತ್ತೆ. ಜಪಾನಿನವರು ಇದನ್ನು ಮವಾಟ ಅಂತಾರೆ, ಚಳಿಗಾಲದ ಹಚ್ಚಡದೊಳಗೆ ತುಂಬುತ್ತಾರೆ.

ಸ್ಲೇಟ್ ಇಲ್ಲದಿದ್ದರೆ ಸ್ಟೀಲ್ ಬಟ್ಟಲು ಬೋರಲು ಹಾಕಿ ಅದರ ಮೇಲೆ ಟೋಪಿಯ ಹಾಗೆ ಎಳೆದರೂ ನಡೆಯುತ್ತೆ.

ಹೊಸ ಕುಣಿಕೆ, ತುಮಕೂರು

ಇದೆಲ್ಲ ಓದಿ ನನಗೂ ಆಸೆ ಆಯ್ತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬಂದು ಒಂದು ಕೇಜಿ ಗೂಡು ತಗೊಂಡರೆ? ಇದಕ್ಕೆ ಅಹಿಂಸಾ ರೇಷ್ಮೆ ಅಂತ ಹೆಸರಿಟ್ಟು ಇನ್‌ಸ್ಟಾಗ್ರಾಮಲ್ಲಿ ಮಾರಬಹುದಲ್ವಾ?

ಕುಣಿಗಲ್ ಹುಳು ಮನೆ, ಕುಣಿಗಲ್

ಅಲ್ಲಿ ಲೈಸೆನ್ಸ್ ಇರುವ ರೀಲರ್‌ಗಳು, ಅಂದರೆ ನೂಲು ಬಿಚ್ಚುವವರು, ಲಾಟ್ ಲೆಕ್ಕದಲ್ಲಿ ಹರಾಜಲ್ಲಿ ತಗೊಳ್ಳೋದು ತಮ್ಮ, ಒಂದು ಕೇಜಿ ಕೊಡಿ ಅಂದರೆ ಯಾರೂ ತಿರುಗಿ ನೋಡಲ್ಲ. ಅಲ್ಲದೆ ಹಸಿ ಗೂಡಿನ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ಒಳಗಿನ ಹುಳುವಿನದ್ದೇ. ನಿನಗೆ ಬೇಕಾಗಿರೋದು ಬರೀ ಗೂಡು. ತೂತು ಗೂಡೇ ವಾಸಿ.

ಅಹಿಂಸೆ ಅನ್ನೋ ಮಾತು ಮಾತ್ರ ಹಾಕಬೇಡ. ಚಿಟ್ಟೆ ತಾನಾಗಿ ಹೊರಗೆ ಬಂತು, ಸರಿ. ಮೊಟ್ಟೆ ಇಟ್ಟ ಮೇಲೆ ತಾಯಿ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ, ಪೆಬ್ರಿನ್ ರೋಗ ಇದೆಯಾ ಅಂತ. ಸುಮಾರು 150 ವರ್ಷದ ಹಿಂದೆ ಲೂಯಿ ಪಾಶ್ಚರ್ ತೋರಿಸಿಕೊಟ್ಟ ಕ್ರಮ. ಅದಿಲ್ಲದಿದ್ದರೆ ರೈತರ ಬೆಳೆಯೇ ಉಳಿಯಲ್ಲ. ನಮ್ಮ ಹೊಟ್ಟೆಪಾಡು ಅದು, ನಾಚಿಕೆ ಇಲ್ಲ. ಆದರೆ ಇಲ್ಲದ ಪುಣ್ಯ ಲೇಬಲ್ಲಿಗೆ ಅಂಟಿಸಬೇಡ.

ಹೊಸ ಕುಣಿಕೆ, ತುಮಕೂರು

ಸರಿ ಅಣ್ಣ. ಇದು ಗೊತ್ತಿರಲಿಲ್ಲ. ತೂತು ಗೂಡಿನ ರೇಷ್ಮೆ ಅಂತಲೇ ಹಾಕ್ತೀನಿ.

ಇನ್ನೊಂದು. ಶಿರಾ ಕಡೆ ಕುರಿ ಉಣ್ಣೆ ಸಿಗುತ್ತಲ್ಲ, ಅದರಲ್ಲಿ ಸ್ವೆಟರ್ ಹಾಕಬಹುದಾ?

ಕಂಬಳಿ ಮಗ, ಶಿರಾ

ಹಾಕಬಹುದು, ತೊಡೋಕೆ ಆಗಲ್ಲ. ನಮ್ಮ ದಖ್ಖನಿ ಕುರಿಯ ಉಣ್ಣೆಯಲ್ಲಿ ಕೂದಲು ಜಾಸ್ತಿ. ಕಂಬಳಿಗೆ ಅದೇ ಬೇಕು. ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ನಿಂತರೆ ನೀರು ಜಾರಿ ಹೋಗುತ್ತೆ. ಕುತ್ತಿಗೆಗೆ ತಾಗಿದರೆ ಮಾತ್ರ ಚುಚ್ಚುತ್ತೆ. ಚೀಲ, ಕೂರುವ ಮಣೆಯ ಮೇಲಿನ ಹಾಸು, ಚಪ್ಪಲಿ ಒಳಗಿನ ಅಟ್ಟೆ, ಇವನ್ನು ಮಾಡು. ಕಪ್ಪು ಉಣ್ಣೆಗೆ ಬಣ್ಣದ ಗೊಡವೆಯೇ ಇಲ್ಲ.

ಹತ್ತು ನಂಬರ್ ಕಡ್ಡಿ, ಕೋಲಾರ

ಈಗ ನನ್ನ ಸರದಿ. ನಂದಿ ತಪ್ಪಲು, ಕರ್ಚೀಫು ಬಂತಾ?

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಹನ್ನೊಂದು ಬಂದಿದೆ ಟೀಚರ್. ಅಳಿಯನ ಸ್ಲೇಟ್ ಸಿಕ್ಕಿತು, ಅಂಚಲ್ಲಿ ಅವನ ಹೆಸರು ಇನ್ನೂ ಹಾಗೇ ಇದೆ. ಮೊದಲ ಮೂರು ಸೊಟ್ಟ. ನಡುವೆ ತೆಳು, ಮೂಲೆಯಲ್ಲಿ ಗಂಟು.

ತೊಂದರೆ ಏನು ಅಂದರೆ, ಮುಟ್ಟಿದರೆ ಸಾಕು ಬೆರಳಿಗೆ ಹಿಡಿದುಕೊಳ್ಳುತ್ತೆ. ಪಾತ್ರೆ ತೊಳೆದು ಒಡೆದ ಕೈ ನನ್ನದು. ಎಳೆ ಬಿಡಿಸೋದಕ್ಕಿಂತ ಬೆರಳು ಬಿಡಿಸೋದೇ ಕೆಲಸ.

ಹತ್ತು ನಂಬರ್ ಕಡ್ಡಿ, ಕೋಲಾರ

ರಾತ್ರಿ ಮಲಗುವಾಗ ಒಂದು ಚಮಚ ಸಕ್ಕರೆಗೆ ಕೊಬ್ಬರಿ ಎಣ್ಣೆ ಬಿಟ್ಟು ಅಂಗೈ, ಬೆರಳ ತುದಿ ಚೆನ್ನಾಗಿ ಉಜ್ಜಿ ತೊಳಿ. ಎರಡು ದಿನ ಮಾಡು. ಬೆಳಿಗ್ಗೆ ಕೈಯಲ್ಲಿ ಎಣ್ಣೆ ಉಳಿದಿರಬಾರದು, ರೇಷ್ಮೆಗೆ ಹತ್ತುತ್ತೆ.

ಒಂದು ಕರ್ಚೀಫಿನಿಂದ ಒಂದೇ ಪದರ ಬಿಡಿಸಿಕೊ. ನಡುವೆ ಹೆಬ್ಬೆರಳು ತೂರಿಸಿ ತೂತು ಮಾಡು. ಎರಡೂ ಕೈಯಿಂದ ಅಗಲ ಮಾಡುತ್ತಾ ಹೋದರೆ ಬಳೆಯ ಹಾಗೆ ಉಂಗುರ ಆಗುತ್ತೆ. ಕೈಗಳು ಒಂದು ಗೇಣು ದೂರ ಇರಲಿ, ಹತ್ತಿರ ಹಿಡಿದರೆ ಜಗ್ಗೋದೇ ಇಲ್ಲ. ರೇಷ್ಮೆಯ ಎಳೆ ಉದ್ದ, ಅದಕ್ಕೆ ಜಾರಲು ಜಾಗ ಬೇಕು. ಉಂಗುರ ಸುತ್ತುತ್ತಾ ಸುತ್ತುತ್ತಾ ಸಮ ಮಾಡಿಕೊಂಡು, ಬೇಕಾದಷ್ಟು ಸಣ್ಣ ಆದಾಗ ಒಂದು ಕಡೆ ಕಿತ್ತರೆ ಉದ್ದ ಎಳೆ. ಹುರಿ ಇಲ್ಲದೆ ಹಾಗೇ ಹೆಣೆಯಬಹುದು. ನನ್ನ ಕೇಳಿದರೆ ತಕಲಿಯಲ್ಲಿ ಸ್ವಲ್ಪ ಹುರಿ ಹಾಕು. ಇಲ್ಲದಿದ್ದರೆ ಶಾಲು ಮೂರು ಸಲ ಹೊದೆಯುವಷ್ಟರಲ್ಲಿ ಜುಂಜು ಏಳುತ್ತೆ.

ಕಡ್ಡಿಯ ಮಾತು. ನಮ್ಮ ಅಂಗಡಿಗಳಲ್ಲಿ ಹಳೆ ನಂಬರಿನ ಕಡ್ಡಿ ಕೊಡುತ್ತಾರೆ. ನಂಬರ್ ಜಾಸ್ತಿ ಆದಷ್ಟು ಕಡ್ಡಿ ಸಣ್ಣ. 10 ನಂಬರ್ ಅಂದರೆ 3.25 ಮಿ.ಮೀ., 8 ನಂಬರ್ ಅಂದರೆ 4 ಮಿ.ಮೀ. ಅಮೆರಿಕದ ಮಾದರಿ ನೋಡಿಕೊಂಡು 8 ಅಂತ ತಂದರೆ ಕೆಟ್ಟಿರಿ, ಅವರ 8 ಅಂದರೆ 5 ಮಿ.ಮೀ. ನಿನಗೆ ನಮ್ಮ 8 ನಂಬರ್ ಸರಿ. ಆದರೆ ಸ್ಟೀಲ್ ಬೇಡ, ಬಿದಿರಿನದು ತಗೋ. ಸ್ಟೀಲ್ ಮೇಲೆ ರೇಷ್ಮೆ ಕುಣಿಕೆ ನಿಲ್ಲೋದೇ ಇಲ್ಲ, ಒಂದು ಜಾರಿದರೆ ಕೆಳಗಿನ ಸಾಲಿನವರೆಗೂ ಏಣಿ ಇಳಿಯುತ್ತೆ.

ಇನ್ನೊಂದು, ಉಲ್ಲನ್ ಅಭ್ಯಾಸ ಇರುವವರೆಲ್ಲ ಎಡವುವ ಜಾಗ. ಉಣ್ಣೆಯ ಎಳೆಯಲ್ಲಿ ಗುಂಗುರು ಇದೆ, ಎಳೆದರೆ ವಾಪಸ್ ಬರುತ್ತೆ. ರೇಷ್ಮೆ ಬರಲ್ಲ. ಎಳೆದರೆ ಎಳೆದ ಕಡೆಗೇ ನಿಲ್ಲುತ್ತೆ. ರಿಬ್ ಅಂಚು ಹಾಕಿದರೆ ಒಂದು ವಾರಕ್ಕೆ ಸಡಿಲ. ಸ್ವೆಟರ್ ಹಾಕಿದರೆ ತನ್ನ ಭಾರಕ್ಕೆ ತಾನೇ ಮೊಣಕಾಲಿಗೆ ಇಳಿಯುತ್ತೆ. ಶಾಲು ಅಂತ ಯೋಚಿಸಿದ್ದು ಒಳ್ಳೆಯದಾಯಿತು. ಎಲ್ಲ ಸಾಲೂ ಸೀದಾ ಹಾಕು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹಾಕಿದರೆ ಅಂಚು ಸುರುಳಿ ಆಗುತ್ತೆ.

ಮೊದಲು 10 ಸೆಂ.ಮೀ. ಚೌಕ ಹೆಣೆದು, ತೊಳೆದು, ಕೆಳಗೆ ಎರಡು ಬಟ್ಟೆ ಕ್ಲಿಪ್ ಸಿಕ್ಕಿಸಿ ಒಂದು ರಾತ್ರಿ ತೂಗು ಹಾಕು. ಎಷ್ಟು ಉದ್ದ ಆಯಿತು ಅಂತ ಅಳೆದು ನನಗೆ ಹೇಳಬೇಕು. ಹೇಳದೆ ಶಾಲು ಶುರು ಮಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತೇನೆ.

ಮಗ್ಗದ ಗುಂಡಿ, ವೈ.ಎನ್. ಹೊಸಕೋಟೆ

ನಾವು ನೇಯುವವರು, ಹೆಣಿಗೆ ನಮಗೆ ದೂರ. ಆದರೂ ಒಂದು ಮಾತು ಮೇಡಂ. ಮೊದಲು ಬಂದ ಸೊಟ್ಟ ಕರ್ಚೀಫು, ಗಂಟಿರುವ ಎಳೆ ಇವೆಯಲ್ಲ, ಅವನ್ನು ನೇಯೋಕೆ ಬಳಸಿ. ಹಳೆ ಫೋಟೋ ಫ್ರೇಮಿಗೆ ಮೇಲೆ ಕೆಳಗೆ ಅರ್ಧ ಸೆಂ.ಮೀ.ಗೆ ಒಂದು ಮೊಳೆ ಹೊಡೆದರೆ ಮಗ್ಗ ಆಯಿತು. ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದು ಕಟ್ಟುವ ಎಳೆ, ಅದಕ್ಕೆ ಈ ರೇಷ್ಮೆ ಹಾಕಬೇಡಿ, ಎಳೆತಕ್ಕೆ ನಿಲ್ಲಲ್ಲ. ಹುರಿ ಇರುವ ಕ್ರೋಶಾ ಹತ್ತಿ ದಾರ ಹಾಸಿಗೆ, ಈ ರೇಷ್ಮೆ ಅಡ್ಡಕ್ಕೆ ತೂರಿಸುವ ಹೊಕ್ಕಿಗೆ. ಗಂಟು ಗಂಟಾಗಿದ್ದರೆ ಬಟ್ಟೆಗೆ ಒಂದು ಚಂದ ಬರುತ್ತೆ.

ಹೊಸಬರ ಬಟ್ಟೆ ನಡುವೆ ಸೊಂಟ ಕಟ್ಟಿದ ಹಾಗೆ ಆಗೋದು ಯಾಕೆ ಗೊತ್ತಾ? ಹೊಕ್ಕನ್ನು ನೇರ ಎಳೀತಾರೆ. ಹಾಗೆ ಮಾಡಬೇಡಿ. ಕಾಮನಬಿಲ್ಲಿನ ಹಾಗೆ ಬಾಗಿಸಿ ಇಟ್ಟು, ಆಮೇಲೆ ಬಾಚಣಿಗೆಯಿಂದ ಕೆಳಗೆ ತಳ್ಳಿ.

ಕಂಬಳಿ ಮಗ, ಶಿರಾ

ಹಾಸಿಗೂ ಕೈನೂಲೇ ಬೇಕು ಅನ್ನುವ ಹಟಮಾರಿಗಳಿಗೆ ನಮ್ಮ ದಾರಿ ಒಂದಿದೆ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ ಗಂಜಿ ಕಾಯಿಸಿ. ಹಾಸಿಗೆ ಹಚ್ಚಿ ಒಣಗಿಸಿದರೆ ಜುಂಜು ಎಲ್ಲ ಮಲಗುತ್ತೆ, ಎಳೆ ತಂತಿಯ ಹಾಗೆ ನಿಲ್ಲುತ್ತೆ. ನಮ್ಮಜ್ಜಿ ಕಂಬಳಿಯ ಹಾಸಿಗೆ ಇದನ್ನೇ ಬಳಿಯುತ್ತಿದ್ದರು. ರೇಷ್ಮೆಗೆ ತೆಳ್ಳಗೆ ಹಚ್ಚಿ. ದಪ್ಪ ಆದರೆ ಮತ್ತೆ ಹಪ್ಪಳ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಟೀಚರ್, ಚೌಕ 10 ಸೆಂ.ಮೀ. ಇದ್ದದ್ದು ಬೆಳಗಾಗುವಷ್ಟರಲ್ಲಿ ಹನ್ನೊಂದೂವರೆ ಸೆಂ.ಮೀ. ಆಗಿತ್ತು. ಲೆಕ್ಕ ಹಾಕಿ ಶಾಲನ್ನು ಒಂದು ಗೇಣು ಗಿಡ್ಡ ಮಾಡಿ ನಿಲ್ಲಿಸಿದೆ.

ಶಾಲು ಮುಗಿದು ಇವತ್ತಿಗೆ ಮೂರು ದಿನ. ಬಿದಿರು ಕಡ್ಡಿ, 61 ಕುಣಿಕೆ, ಎಲ್ಲ ಸೀದಾ. ತೂಕ 64 ಗ್ರಾಂ, ಒಂದು ಕೋಳಿ ಮೊಟ್ಟೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ತೊಳೆದು ಕೊನೆಯ ನೀರಿಗೆ ನಿಂಬೆ ಹಿಂಡಿದೆ, ಈ ಸಲ ನೀರು ತಿಳಿ ಆದ ಮೇಲೆ. ಒಣಗಿದ ಶಾಲನ್ನು ಮುಷ್ಟಿಯಲ್ಲಿ ಹಿಸುಕಿದರೆ ಕರಕರ ಅನ್ನುತ್ತೆ, ಹೊಸ ರೇಷ್ಮೆ ಸೀರೆ ಮಡಿಸುವಾಗ ಬರುತ್ತಲ್ಲ, ಅದೇ ಸದ್ದು. ಅಮ್ಮ ಹೊದ್ದುಕೊಂಡು ಮೊದಲು ಕೇಳಿದ್ದು, "ಇಷ್ಟು ಹಗುರ ಇದೆ, ಚಳಿ ತಡೆಯುತ್ತಾ?" ಬೆಳಿಗ್ಗೆ ಐದೂವರೆಗೆ ಹಾಲು ತರಲು ಹೊದ್ದುಕೊಂಡೇ ಹೋದರು. ಬಂದು ಏನೂ ಹೇಳಲಿಲ್ಲ. ತೆಗೆಯಲೂ ಇಲ್ಲ.

ಒಂದು ಕಡೆ ಮಾತ್ರ ಬಣ್ಣ ಮಂಕು. ಆ ಕೆಟ್ಟ ಮೊದಲ ಪಾತ್ರೆಯದ್ದು ಕೊನೆಗೆ ಸಾಲದೆ ಬಂದು ಸೇರಿಸಿದೆ. ಹತ್ತಿರದಿಂದ ನೋಡಿದರೆ ಗೊತ್ತಾಗುತ್ತೆ.

ಹತ್ತು ನಂಬರ್ ಕಡ್ಡಿ, ಕೋಲಾರ

ಮಂಕು ಇರುವ ತುದಿಯನ್ನು ಒಳಗೆ ಸಿಕ್ಕಿಸಿಕೊಳ್ಳೋಕೆ ಹೇಳು. ಹತ್ತಕ್ಕೆ ಒಂಬತ್ತು ಕೊಟ್ಟಿದ್ದೇನೆ.

ಹೊಸ ಕುಣಿಕೆ, ತುಮಕೂರು

ಅಕ್ಕ, ಉಳಿದ ಗೂಡು ಇದೆಯಾ? ಭಾನುವಾರ ಚಿಕ್ಕಬಳ್ಳಾಪುರಕ್ಕೆ ಬರ್ತಿದ್ದೀನಿ. ಅರ್ಧ ದುಡ್ಡು ಕೊಡ್ತೀನಿ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಬಿಳಿಯದು 100 ಗ್ರಾಂ ಇದೆ, ದುಡ್ಡು ಬೇಡ. ಬರುವಾಗ ಎರಡು ಕ್ಯಾನ್ ಒಳ್ಳೆ ನೀರು ತಗೊಂಡು ಬಾ. ಸ್ಲೇಟ್ ಮಾತ್ರ ವಾಪಸ್ ಕೊಡಬೇಕು, ಅಳಿಯ ಕೇಳ್ತಿದ್ದಾನೆ.